ಗೆದ್ದವರು ಮತ್ತು ಗೆಲ್ಲಿಸಿದವರು

ರಾಜ್ಯಾಂಗಬದ್ಧ ಆಡಳಿತವು ಸಮಾಜದ ಒತ್ತಡಕ್ಕೆ ಮಣಿಯುವಾಗ ಅದಕ್ಕೊಂದು ಬೆಲೆಯನ್ನೂ ಕಟ್ಟುವುದುಂಟು. ಐರ್ಲೆಂಡಿನ ಕಥೋಲಿಕರಿಗೆ 1793ರಿಂದ ಮತದಾನದ ಹಕ್ಕಿತ್ತು. ಆದರೆ ಸ್ವಂತ ವಿಶ್ವಾಸವನ್ನೇ ಅಲ್ಲಗಳೆಯುವ ಪ್ರಮಾಣವಚನ ಸ್ವೀಕರಿಸದೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. 1828ರಲ್ಲಿ ಕ್ಲೇರ್ ಪ್ರಾಂತದ ಬಡ ಗೇಣಿದಾರರು ಡೇನಿಯಲ್ ಓಕಾನೆಲ್ ಅವರನ್ನು ಗೆಲ್ಲಿಸಿದರು. ಗುಪ್ತ ಮತದಾನವಿಲ್ಲದ ಕಾಲವದು; ಜಮೀನ್ದಾರರ ಕಣ್ಣೆದುರೇ ಮತ ಹಾಕಿದರು!

ಸರಕಾರ ಮಣಿಯಿತು. 1829ರ ಕಾಯಿದೆ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಜೊತೆಯಲ್ಲೇ ಬಂದ ಇನ್ನೊಂದು ಕಾಯಿದೆ, ಮತದಾರನ ಹಿಡುವಳಿಗಿರಬೇಕಾದ ವಾರ್ಷಿಕ ಮೌಲ್ಯವನ್ನು 40 ಷಿಲಿಂಗಿನಿಂದ 10 ಪೌಂಡಿಗೆ, ಎಂದರೆ ಐದು ಪಟ್ಟು, ಏರಿಸಿತು. ಓಕಾನೆಲ್ ಅವರನ್ನು ಗೆಲ್ಲಿಸಿದವರೇ ಮತ ಕಳೆದುಕೊಂಡರು.

ಆ ವರ್ಷವನ್ನು ಕಥೋಲಿಕರ ವಿಮೋಚನೆಯ ವರ್ಷವೆಂದು ಸ್ಮರಿಸುತ್ತೇವೆ. ಆದರೆ ವಿಮೋಚನೆ ದಕ್ಕಿದ್ದು ಪ್ರಧಾನವಾಗಿ ಅನುಕೂಲಸ್ಥರಿಗೆ. ಹಳ್ಳಿಯ ಬಡ ಕುಟುಂಬದ ಯಜಮಾನನು ವ್ಯಾಪಕವಾಗಿ ಮತಾಧಿಕಾರ ಪಡೆದದ್ದು 1884ರ ಸುಧಾರಣಾ ಕಾಯಿದೆಯಿಂದ. ಅವನ ಪತ್ನಿಗೆ ಆಗಲೂ ಸಿಗಲಿಲ್ಲ.