ಸಂದರ್ಶನಕ್ಕೆ ಸಿದ್ಧತೆಯೊ, ವೇಷಕ್ಕೆ ಸಿದ್ಧತೆಯೊ?



ಪ್ರತಿವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಮಠಕ್ಕೆ ಒಂದು ಹೊಸ ಬಗೆಯ ಭಕ್ತರು ಬರತೊಡಗುತ್ತಾರೆ. ಅವರ ಕೈಯಲ್ಲಿ ಹೂವು ಹಣ್ಣು ಇರುತ್ತವೆ. ಕಂಕುಳಲ್ಲಿ ದಪ್ಪನೆಯ ಒಂದು ಕಡತವೂ ಇರುತ್ತದೆ. ನವೆಂಬರ ತಿಂಗಳಲ್ಲಿ ಕ್ಯಾಟ್ ಪರೀಕ್ಷೆ ಬರೆದು, ಬೆಂಗಳೂರು, ಅಹಮದಾಬಾದು, ಕೋಲ್ಕತಾ ಮುಂತಾದ ಕಡೆಯ ಐ.ಐ.ಎಂ.ಗಳಿಂದ ಸಂದರ್ಶನಕ್ಕೆ ಕರೆ ಪಡೆದ ತರುಣ ತರುಣಿಯರು ಇವರು. ಹಳ್ಳಿಯ ಶಾಲೆಯಲ್ಲಿ ಓದಿ, ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ಮಕ್ಕಳು ಇಷ್ಟು ದೂರ ಸಾಗಿದುದನ್ನು ಕಂಡಾಗ ನಮಗಾಗುವ ಸಂತೋಷ ಸಣ್ಣದಲ್ಲ. ಆದರೆ ಆ ಕಡತವನ್ನು ತೆರೆದು ನೋಡಿದಾಗ ಆಗುವ ವ್ಯಥೆಯೂ ಸಣ್ಣದಲ್ಲ. ಅದನ್ನು ಕುರಿತು ಈ ಸಂಚಿಕೆಯಲ್ಲಿ ನಿಷ್ಠುರವಾಗಿಯೇ ನಾಲ್ಕು ಮಾತು ಹೇಳಬಯಸುತ್ತೇವೆ.

ಈ ಸಂದರ್ಶನವೆಂದರೇನೆಂಬುದನ್ನು ಅರಿಯದ ಹಿರಿಯರಿಗಾಗಿ ಮೊದಲು ಒಂದೆರಡು ಸಂಗತಿ. ಐ.ಐ.ಎಂ. ಎಂದು ಕರೆಯಲಾಗುವ ವ್ಯವಸ್ಥಾಪನಾ ಶಾಸ್ತ್ರದ ಸಂಸ್ಥೆಗಳಲ್ಲಿ ಮೊದಲಿನ ಎರಡು 1961ರಲ್ಲಿ ಕೋಲ್ಕತಾ ಮತ್ತು ಅಹಮದಾಬಾದಿನಲ್ಲಿ ಆರಂಭವಾದವು; ಬೆಂಗಳೂರಿನದು 1973ರಲ್ಲಿ. ಈಗ ಅವು ಇಪ್ಪತ್ತಕ್ಕಿಂತಲೂ ಹೆಚ್ಚಾಗಿವೆ. 2024ರ ಕ್ಯಾಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಸುಮಾರು 3.29 ಲಕ್ಷ; ಬರೆದವರು ಸುಮಾರು 2.93 ಲಕ್ಷ. ಎರಡು ಗಂಟೆಯ ಆ ಪರೀಕ್ಷೆಯಲ್ಲಿ ಮೇಲೆ ಬಂದ ಅಲ್ಪಸಂಖ್ಯೆಯವರನ್ನು ಆರಿಸಿ, ಇಬ್ಬರೊ ಮೂವರೊ ಪರೀಕ್ಷಕರು ಕುಳಿತು ಹದಿನೈದು ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ, ಮಾತನಾಡಿಸುತ್ತಾರೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಬಿ.ಎ. ಸೀಟುಗಳನ್ನು ಪಿ.ಜಿ.ಸಿ.ಇ.ಟಿ. ಶ್ರೇಣಿಯ ಮೇಲೆ ಹಂಚುವುದರಿಂದ ಅಲ್ಲಿ ಈ ಘಟ್ಟವಿಲ್ಲ. ಆದುದರಿಂದಲೇ ಇದು ನಮ್ಮವರಿಗೆ ಅಪರಿಚಿತ. ಅಪರಿಚಿತವಾದುದು ಭಯ ಹುಟ್ಟಿಸುತ್ತದೆ. ಭಯವಿದ್ದಲ್ಲಿ ಅದನ್ನು ಮಾರಿಕೊಂಡು ಬದುಕುವವರು ಹುಟ್ಟಿಕೊಳ್ಳುತ್ತಾರೆ.

ಕಳೆದ ವರ್ಷ ಬಂದ ಒಬ್ಬ ಹುಡುಗನ ಪ್ರಸಂಗವನ್ನು ಹೇಳುತ್ತೇವೆ. ಬ್ಯಾಡಗಿಯ ಕಡೆಯವನು, ನಮ್ಮ ಪ್ರಸಾದ ನಿಲಯದಲ್ಲಿ ಆರು ವರ್ಷ ಇದ್ದವನು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದ. ಅವನ ಕಡತದಲ್ಲಿ ಎಂಬತ್ತಕ್ಕೂ ಮಿಕ್ಕಿ ಪ್ರಶ್ನೆಗಳು, ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಬರೆದಿಟ್ಟ ಉತ್ತರಗಳು ಇದ್ದವು. ತರಬೇತಿ ಕೇಂದ್ರದವರು ಹಣ ಪಡೆದು ಬರೆಸಿದವು ಅವು. ನಾವು ಸುಮ್ಮನೆ ಕೇಳಿದೆವು: “ನಿನ್ನ ತಂದೆ ಏನು ಮಾಡುತ್ತಾರೆಂದು ಕೇಳಿದರೆ ಏನು ಹೇಳುತ್ತೀಯಪ್ಪ?” ಆತ ಪುಟ ತಿರುವಿ ಓದಿದ, ತಂದೆ ಕೃಷಿ ವ್ಯಾಪಾರೋದ್ಯಮಿ ಎಂದು ಅಲ್ಲಿತ್ತು. ಆತನ ತಂದೆಯನ್ನು ನಾವು ಬಲ್ಲೆವು. ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುವ ಗುಮಾಸ್ತರು ಅವರು. “ಇದು ನಿಜವೆ?” ಎಂದೆವು. ಹುಡುಗ ತಲೆ ತಗ್ಗಿಸಿ, “ಅಜ್ಜಾರ, ಗುಮಾಸ್ತ ಅಂದ್ರ ಅವರು ಏನ್ ತಿಳ್ಕೊಂತಾರೋ ಏನೋ” ಎಂದ.

ಓದುಗರೆ, ಇಲ್ಲಿ ನಿಲ್ಲಿರಿ. ಯಾವ ವ್ಯಕ್ತಿ ಬರೆದ ಅಂಕಿಗಳಿಂದ ಈ ಹುಡುಗನ ಶಾಲೆಯ ಪುಸ್ತಕ ಬಂತೊ, ಆ ವ್ಯಕ್ತಿಯ ಕಾಯಕದ ಹೆಸರನ್ನು ಹೇಳಲು ನಾಚಿಕೆಪಡುವಂತೆ ಕಲಿಸಿದವರು ಯಾರು? ಇದಕ್ಕೆ ಸಂದರ್ಶನದ ಸಿದ್ಧತೆ ಎಂಬ ಹೆಸರು ಕೊಡಬಹುದೆ? ಇದು ವೇಷಕಟ್ಟುವ ಕೆಲಸ. ಅದೂ ಒಪ್ಪದ ವೇಷ. ಬಣ್ಣ ಬಯಲಾಗುವ ವೇಷ.

ನೀತಿಯ ಮಾತನ್ನು ಒತ್ತಟ್ಟಿಗಿಟ್ಟು ಬರಿಯ ಲಾಭನಷ್ಟದ ದೃಷ್ಟಿಯಿಂದಲೇ ವಿಚಾರ ಮಾಡೋಣ. ಪರೀಕ್ಷಕರು ಒಂದೇ ಪ್ರಶ್ನೆಗೆ ನಿಲ್ಲುವುದಿಲ್ಲ. ತಂದೆ ಉದ್ಯಮಿ ಎಂದ ಕೂಡಲೆ ವಹಿವಾಟು ಎಷ್ಟು, ಬಂಡವಾಳ ಎಲ್ಲಿಂದ, ಸಾಲಕ್ಕೆ ಬಡ್ಡಿ ಎಷ್ಟು ಎಂದು ಕೇಳುವರು. ಆಗ ಹುಡುಗ ಒಂದು ಸುಳ್ಳನ್ನು ಕಾಯಲು ಹತ್ತು ಸುಳ್ಳು ಹೇಳಬೇಕು, ಇಲ್ಲವೆ ತಡವರಿಸಬೇಕು. ಮೊದಲನೆಯ ಪ್ರಶ್ನೆಗೆ ಕಂಠಪಾಠ ಉತ್ತರ ಕೊಟ್ಟೀತು. ಎರಡನೆಯದಕ್ಕೆ ಸ್ವಂತ ತಿಳಿವಳಿಕೆಯೇ ಬೇಕು. ಕಾದಂಬರಿ ಓದುವುದು ಹವ್ಯಾಸವೆಂದು ಬರೆಸಿಕೊಂಡವನು ಕಳೆದ ತಿಂಗಳು ಓದಿದ ಪುಸ್ತಕ ಯಾವುದೆಂಬ ಪ್ರಶ್ನೆಯ ಮುಂದೆ ಸಿಕ್ಕಿಬೀಳುತ್ತಾನೆ. ನಾಯಕತ್ವ ತನ್ನ ಗುಣವೆಂದವನು ಯಾರನ್ನು, ಯಾವಾಗ, ಯಾವ ಕೆಲಸಕ್ಕೆ ಮುನ್ನಡೆಸಿದೆ ಎಂಬಲ್ಲಿ ಸಿಕ್ಕಿಬೀಳುತ್ತಾನೆ.

ಇನ್ನು ಆ ಹುಡುಗ ಮುಚ್ಚಿಟ್ಟುದು ಏನನ್ನು? ಶಾಲೆಯ ರಜೆಯಲ್ಲೆಲ್ಲ ತಂದೆಯ ಪಕ್ಕದಲ್ಲಿ ಕುಳಿತು ತೂಕದ ಚೀಟಿ ಬರೆದವನು ಅವನು. ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಮುಟ್ಟಿ ಹೇಳಬಲ್ಲ. ಹಸಿ ಉಳಿದ ಕಾಯಿಗೆ ದರ ಏಕೆ ಬೀಳುತ್ತದೆ, ದರ ಬಿದ್ದಾಗ ಯಾರು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯಬಲ್ಲರು, ಯಾರು ಅಂದೇ ಮಾರಿ ಸಾಲ ತೀರಿಸಬೇಕು ಎಂಬುದನ್ನು ಕಂಡಿದ್ದಾನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದೇ ಪೇಟೆಯಲ್ಲಿ 2024ರ ಮಾರ್ಚಿಯಲ್ಲಿ ದರ ಕುಸಿದು, ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಆವರಣದಲ್ಲಿ ವಾಹನಗಳಿಗೆ ಬೆಂಕಿಯಿಟ್ಟರು. ಹೆಸರಿಗೆ ಮನ್ನಣೆ ಬಂದೂ ಬೆಳೆದವನಿಗೆ ಬೆಲೆ ಏಕೆ ನಿಲ್ಲಲಿಲ್ಲ? ವ್ಯವಸ್ಥಾಪನಾ ಶಾಸ್ತ್ರ ಓದಬಯಸುವವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇಕೆ? ಇಷ್ಟನ್ನೂ ಮನೆಯಲ್ಲಿ ಇಟ್ಟುಕೊಂಡು ಅವನು ಬೇರೆಯವರು ಬರೆದ ಎಂಬತ್ತು ಉತ್ತರಗಳನ್ನು ಹೊತ್ತು ತಿರುಗುತ್ತಿದ್ದ!

“ಬುದ್ಧಿಯವರು ಮಠದಲ್ಲಿ ಕುಳಿತು ಹೇಳುವುದು ಸುಲಭ, ಲೋಕ ಬೇಡುವುದು ಥಳಕನ್ನೇ, ನಿರರ್ಗಳ ಇಂಗ್ಲಿಷನ್ನೇ” ಎಂದು ಕೆಲವರು ಅನ್ನಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ನಾವು ಒಪ್ಪುತ್ತೇವೆ. ಸಂದರ್ಶನವೆಂಬುದು ತಪ್ಪಿಲ್ಲದ ತಕ್ಕಡಿಯಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯಕೀಯ ಕಾಲೇಜೊಂದರಲ್ಲಿ 1979ರಲ್ಲಿ 150 ಮಂದಿಯ ಆಯ್ಕೆ ಮುಗಿದಿದ್ದಾಗ, ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ಅಲ್ಲಿಯ ಶಾಸನಸಭೆ ಕೇಳಿತು. ಸಂದರ್ಶನದ ನಂತರ ಕೆಳಗಿನ ಸ್ಥಾನಕ್ಕೆ ತಳ್ಳಲ್ಪಟ್ಟಿದ್ದವರನ್ನೇ ಆಗ ಕರೆಯಬೇಕಾಯಿತು. ಮುಂದೆ ಓದಿನಲ್ಲಾಗಲಿ ವೃತ್ತಿಯ ತರಬೇತಿಯಲ್ಲಾಗಲಿ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲವೆಂದು 1987ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅರ್ಧ ಗಂಟೆಯ ಮಾತಿನಲ್ಲಿ ಮನುಷ್ಯನನ್ನು ಅಳೆದೆವೆಂದು ಬೀಗುವ ಪರೀಕ್ಷಕರು ಇದನ್ನು ನೆನಪಿಡಬೇಕು. ಸಂದರ್ಶನದಲ್ಲಿ ಸೋತುಬಂದ ಮಕ್ಕಳೂ, ಅವರನ್ನು ಹಂಗಿಸುವ ತಂದೆತಾಯಿಗಳೂ ನೆನಪಿಡಬೇಕು.

ಆದರೆ ತಕ್ಕಡಿಯಲ್ಲಿ ದೋಷವಿದೆಯೆಂದು ನಾವು ಕಲ್ಲು ಬೆರೆಸಿದ ಧಾನ್ಯ ಒಯ್ಯಬಹುದೆ? ಅರ್ಥಶಾಸ್ತ್ರಕ್ಕೆ 2002ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಡೇನಿಯಲ್ ಕಾಹ್ನೆಮನ್ ಅವರು ತಮ್ಮ ಇಪ್ಪತ್ತೊಂದನೆಯ ವಯಸ್ಸಿನ ಸುಮಾರಿಗೆ ಇಸ್ರೇಲಿನ ಸೈನ್ಯದಲ್ಲಿದ್ದರು. ಹೊಸಬರನ್ನು ಸಂದರ್ಶಿಸಿ ತಮಗೆ ಮೂಡಿದ ಅಭಿಪ್ರಾಯವನ್ನು ಬರೆಯುವ ಪದ್ಧತಿ ನಿರುಪಯುಕ್ತವೆಂದು ಕಂಡು ಅವರು ಅದನ್ನು ಬದಲಿಸಿದರು. ಆರು ಗುಣಗಳನ್ನು ಗೊತ್ತುಮಾಡಿ, ಪ್ರತಿಯೊಂದಕ್ಕೂ ಅಭ್ಯರ್ಥಿಯ ಹಿಂದಿನ ಬದುಕಿನ ವಾಸ್ತವ ಸಂಗತಿಗಳನ್ನು ಕೇಳಿ, ಒಂದೊಂದಕ್ಕೂ ಬೇರೆ ಅಂಕ ಕೊಡಬೇಕೆಂದರು. ಫಲಿತಾಂಶ ಸುಧಾರಿಸಿತು. ಸಂದರ್ಶನದಲ್ಲಿ ಏನಾದರೂ ತೂಕವಿದ್ದರೆ ಅದು ನೀವು ಮಾಡಿದ, ಕಂಡ, ಅನುಭವಿಸಿದ ಸಂಗತಿಗಳಿಗೇ ಹೊರತು ನಿಮ್ಮ ಬಗ್ಗೆ ನೀವೇ ಹಚ್ಚಿಕೊಂಡ ವಿಶೇಷಣಗಳಿಗಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಸಿದ್ಧತೆಯೇ ಬೇಡವೆ? ಬೇಕು, ಕಠಿನವಾದ ಸಿದ್ಧತೆಯೇ ಬೇಕು. ಪದವಿಯಲ್ಲಿ ಓದಿದ ವಿಷಯಗಳಲ್ಲಿ ಎರಡನ್ನಾದರೂ ಮತ್ತೆ ಬುಡದಿಂದ ಓದಿರಿ; ಬಿಟ್ಟುಹೋದ ವಿದ್ಯೆಯನ್ನು ಕುರಿತು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಕೆಲಸ ಮಾಡಿದ್ದರೆ ನಿಮ್ಮ ಕಂಪನಿ ಯಾರಿಗೆ ಏನನ್ನು ಮಾರಿ ಬದುಕುತ್ತದೆ, ಅದರಲ್ಲಿ ನಿಮ್ಮ ಪಾಲಿನ ಕೆಲಸವೆಷ್ಟು ಎಂಬುದನ್ನು ಅಂಕಿಸಹಿತ ಹೇಳಬಲ್ಲವರಾಗಿರಿ. ನಿಮ್ಮ ಊರಿನ ಬೆಳೆ, ನೀರು, ಸಂತೆ, ಸಹಕಾರಿ ಸಂಘಗಳನ್ನು ತಿಳಿಯಿರಿ. ಪತ್ರಿಕೆಯನ್ನು ದಿನವೂ ಓದಿ, ಒಂದು ವಿಷಯದ ಎರಡೂ ಪಕ್ಷಗಳನ್ನು ಹೇಳಲು ಕಲಿಯಿರಿ. ಈ ವಿದ್ಯೆ ಏಕೆ ಬೇಕೆಂಬ ಪ್ರಶ್ನೆಗೆ ಒಬ್ಬರೇ ಕುಳಿತು ಉತ್ತರ ಹುಡುಕಿರಿ. ಒಳ್ಳೆಯ ಸಂಬಳ ಬೇಕು, ಮನೆಯ ಸಾಲ ತೀರಬೇಕು ಎಂಬುದೂ ಅದರಲ್ಲಿ ಸೇರಿದ್ದರೆ ಅದಕ್ಕೆ ನಾಚಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮಾತನಾಡುವ ರೂಢಿ ಮಾಡಿರಿ. ಅದು ಶ್ರಮದಿಂದ ಬರುವ ವಿದ್ಯೆ. ಗೆಳೆಯರ ಮುಂದೆ ಕುಳಿತು ಅಣಕು ಸಂದರ್ಶನ ನಡೆಸುವುದೂ ತಪ್ಪಲ್ಲ. ನಾಲಿಗೆಯನ್ನು ಪಳಗಿಸುವುದು ಅಭ್ಯಾಸ. ಬದುಕನ್ನೇ ಬದಲಿಸಿ ಹೇಳುವುದು ಮೋಸ. ಕೊನೆಯದಾಗಿ, ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಧೈರ್ಯವಾಗಿ ಹೇಳಲು ಕಲಿಯಿರಿ.

ಈ ಕೊನೆಯದು ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ. ಇದರ ತಪ್ಪು ತರಬೇತಿ ಕೇಂದ್ರಗಳದು ಮಾತ್ರವಲ್ಲ; ನಮ್ಮದೂ ಹೌದು. ನಮ್ಮ ಶಾಲೆಗಳಲ್ಲಿ ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸಿದವನಿಗೆ ಪೂರ್ಣ ಅಂಕ. ಏಕೆಂದು ಕೇಳಿದವನಿಗೆ, “ಕುಳಿತುಕೊ, ಅಧಿಕಪ್ರಸಂಗ ಬೇಡ” ಎಂಬ ಗದರಿಕೆ. ಹನ್ನೆರಡು ವರ್ಷ ಹೀಗೆ ಬಾಯಿ ಮುಚ್ಚಿಸಿ, ಹದಿಮೂರನೆಯ ವರ್ಷ “ಧೈರ್ಯವಾಗಿ ಮಾತನಾಡು” ಎಂದರೆ ಅವನೆಲ್ಲಿಂದ ಮಾತನಾಡಿಯಾನು? ನಮ್ಮ ಮಠದ ಶಾಲೆಗಳೂ ಇದಕ್ಕೆ ಹೊರತಲ್ಲವೆಂದು ಬರೆಯಲು ನಾವು ಹಿಂಜರಿಯುವುದಿಲ್ಲ. ತಂದೆತಾಯಿಗಳಿಗೂ ಒಂದು ಮಾತು. “ಬುದ್ಧಿಯವರು ಯಾರಿಗಾದರೂ ಒಂದು ಚೀಟಿ ಕೊಟ್ಟರೆ ಆಯಿತು” ಎಂದು ಮಗನ ಎದುರಿಗೇ ಕೇಳುತ್ತೀರಿ. ಅವನ ಯೋಗ್ಯತೆಯ ಮೇಲೆ ನಿಮಗೇ ನಂಬಿಕೆಯಿಲ್ಲವೆಂದು ಅವನಿಗೆ ತಿಳಿಸಿದಂತಾಯಿತಲ್ಲವೆ? ಅಂಥ ಚೀಟಿಯನ್ನು ನಾವು ಕೊಡುವುದಿಲ್ಲ. ಇನ್ನು ಮುಂದೆ ಕೇಳಬೇಡಿರಿ.

ಹಳೆಯ ವಿದ್ಯಾರ್ಥಿಗಳೆ, ನಿಮ್ಮಲ್ಲಿ ಬ್ಯಾಂಕಿನ ಅಧಿಕಾರಿಗಳಿದ್ದೀರಿ, ಕಾರಖಾನೆ ನಡೆಸುವವರಿದ್ದೀರಿ, ಪ್ರಾಧ್ಯಾಪಕರಿದ್ದೀರಿ. ಜಾತ್ರೆಗೆ ಕಾಣಿಕೆ ಕಳಿಸುವುದನ್ನು ನಾವು ಮೆಚ್ಚುತ್ತೇವೆ. ಅದಕ್ಕಿಂತ ಮಿಗಿಲಾಗಿ, ತಿಂಗಳಿಗೆ ಒಂದು ಭಾನುವಾರ ಬಂದು ಪ್ರಸಾದ ನಿಲಯದ ಮಕ್ಕಳ ಎದುರು ಕುಳಿತುಕೊಳ್ಳಿರಿ. ಭಾಷಣ ಬೇಡ, ಪ್ರಶ್ನೆ ಕೇಳಿರಿ. ಉತ್ತರ ಬಂದ ಮೇಲೆ ಎರಡನೆಯ ಪ್ರಶ್ನೆ ಕೇಳಿರಿ. ತಪ್ಪಿದರೆ ನಗಬೇಡಿರಿ. ಸಾವಿರಾರು ರೂಪಾಯಿ ತೆತ್ತು ಪಡೆಯುವ ತರಬೇತಿಗಿಂತ ಇದು ಹೆಚ್ಚು ಫಲ ಕೊಟ್ಟೀತು.

ಬ್ಯಾಡಗಿಯ ಆ ಹುಡುಗನಿಗೆ ಏನಾಯಿತೆಂದು ನೀವು ಕೇಳಬಹುದು. ಅಂದು ರಾತ್ರಿ ಅವನು ಮಠದಲ್ಲಿಯೇ ಉಳಿದ. ಕಡತವನ್ನು ಬದಿಗಿಟ್ಟು ತಂದೆಗೆ ಫೋನು ಮಾಡಿ, ದಲಾಲಿ ಹೇಗೆ ಮುರಿಯುತ್ತಾರೆ, ಹಮಾಲಿ ಯಾರ ಲೆಕ್ಕಕ್ಕೆ, ಟೆಂಡರಿನಲ್ಲಿ ದರ ಹೇಗೆ ಏರುತ್ತದೆ ಎಂದು ಒಂದು ಗಂಟೆ ಕೇಳಿಕೊಂಡ. ಬಂದ ಕರೆಗಳಲ್ಲಿ ಒಂದು ಕಡೆ ಅವನಿಗೆ ಸ್ಥಾನ ಸಿಗಲಿಲ್ಲ. ಇನ್ನೊಂದು ಕಡೆ ಸಿಕ್ಕಿತು. ಎರಡೂ ಕಡೆ ಅವನು ಹೇಳಿದುದು ಒಂದೇ ಸತ್ಯವನ್ನು. ಆದುದರಿಂದ ಸತ್ಯ ಹೇಳಿದವರೆಲ್ಲ ಗೆಲ್ಲುತ್ತಾರೆಂಬುದಕ್ಕೆ ನಾವು ಇದನ್ನು ಸಾಕ್ಷಿಯಾಗಿ ಕೊಡುವುದಿಲ್ಲ. ಆದರೆ ಜಾತ್ರೆಗೆ ಬಂದಾಗ ಆ ಗುಮಾಸ್ತರು ನಮಗೆ ಹೇಳಿದ ಮಾತೊಂದಿದೆ: “ಮೂವತ್ತು ವರ್ಷದಾಗ ನನ್ನ ಕೆಲಸದ ಬಗ್ಗೆ ನನ್ನ ಮಗ ಕೇಳಿದ್ದು ಇದ ಮೊದಲ, ಅಜ್ಜಾರ.”

ಸಂದರ್ಶನಕ್ಕೆ ಹೊರಟಿರುವ ಮಕ್ಕಳೆ, ಮೊದಲು ನಿಮ್ಮ ಮನೆಯವರನ್ನು ಸಂದರ್ಶಿಸಿರಿ. ನಿಮಗೆ ಶುಭವಾಗಲಿ.