ವಾಸುಕಿ ತಾಲ್‌ಗೆ ಹೊರಟವರಲ್ಲಿ ಒಂದು ಮನವಿ

ಸೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗೆ ನಮ್ಮ ಸತ್ತಿ, ಅಥಣಿ, ರಾಯಬಾಗ ಸೀಮೆಯ ರೈತರಿಗೆ ಒಂದಿಷ್ಟು ಬಿಡುವು. ಕೃಷ್ಣೆಯ ನೀರು ಇಳಿದಿರುತ್ತದೆ, ಕಬ್ಬಿನ ಕಟಾವಿನ ಗಡಿಬಿಡಿ ಇನ್ನೂ ಹತ್ತಿರುವುದಿಲ್ಲ. ಮಿರಜದಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ, ಅಲ್ಲಿಂದ ಹರಿದ್ವಾರ, ಕೇದಾರ ಎಂದು ಹೊರಡಲು ಇದೇ ಹದವಾದ ಕಾಲ. ಕೇದಾರವೇನೂ ನಮಗೆ ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಒಂದು, ಅಲ್ಲಿನ ರಾವಲರು ಪರಂಪರೆಯಿಂದಲೂ ಕರ್ನಾಟಕ ಮೂಲದ ವೀರಶೈವ ಜಂಗಮರು. ಭಾವುಬೀಜದ ದಿನ ಗುಡಿಯ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ದರ್ಶನ ಆಗಬೇಕು.

ದರ್ಶನಕ್ಕೆ ಹೋಗಿ, ಸಂತೋಷ. ನಾನು ಕೇಳಿಕೊಳ್ಳುತ್ತಿರುವುದು ಮರುದಿನದ ವಿಷಯ. ‘ಇಲ್ಲೇ ಮ್ಯಾಲ ಒಂದು ಸರೋವರ ಐತಂತ, ಎಂಟೇ ಕಿಲೋಮೀಟರ್, ಸಂಜೀಕ ಹೊಳ್ಳಿ ಬರೋಣು’ ಎಂದು ಗುಂಪಿನಲ್ಲಿ ಯಾರಾದರೊಬ್ಬರು ಎತ್ತುತ್ತಾರಲ್ಲ, ಆ ಮಾತಿನ ವಿಷಯ.

ಆ ಸರೋವರ ವಾಸುಕಿ ತಾಲ್. ಕೇದಾರವೇ ಸುಮಾರು 3,550 ಮೀಟರ್ ಎತ್ತರದಲ್ಲಿದೆ. ವಾಸುಕಿ ತಾಲ್ 4,100 ಮೀಟರ್ ದಾಟುತ್ತದೆ. ಅಲ್ಲಿಗೆ ಮುಟ್ಟಲು ಅದಕ್ಕಿಂತಲೂ ಎತ್ತರದ ಒಂದು ಏಣು ಹತ್ತಿ ಇಳಿಯಬೇಕು, ಬರುವಾಗ ಅದನ್ನೇ ಮತ್ತೆ ಏರಬೇಕು. ಎಂಟು ಕಿಲೋಮೀಟರ್ ಎಂದರೆ ನಮಗೆ ಹೊಲಕ್ಕೆ ಹೋಗಿಬಂದಷ್ಟು. ಅಲ್ಲಿ ಹಾಗಲ್ಲ. ನಾವು ಹುಟ್ಟಿ ಬೆಳೆದದ್ದು ಸುಮಾರು 550 ಮೀಟರ್ ಎತ್ತರದ ಬಯಲಲ್ಲಿ. ವಾಸುಕಿ ತಾಲ್‌ನ ಗಾಳಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು ಮಾತ್ರ.

ದೇಹ ಇದಕ್ಕೆ ಒಗ್ಗುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಮಾತು. ನಾವು ಮಾಡುವುದೇನು? ಗೌರೀಕುಂಡದಿಂದ ಒಂದೇ ದಿನಕ್ಕೆ ಸಾವಿರದ ಐನೂರು ಮೀಟರ್ ಹತ್ತುತ್ತೇವೆ. ಹೆಲಿಕಾಪ್ಟರ್‌ನವರು ಕೆಲವೇ ನಿಮಿಷಗಳಲ್ಲಿ ಇಳಿಸುತ್ತಾರೆ. ರಾತ್ರಿ ತಲೆನೋವು, ವಾಕರಿಕೆ, ನಿದ್ದೆಯಿಲ್ಲ. ಬೆಳಗಾದರೆ ‘ಪಿತ್ತ ಆಗೇತಿ’ ಎಂದು ಒಂದು ಚಹಾ ಕುಡಿದು ಮತ್ತೆ ಮೇಲಕ್ಕೆ. ಅದು ಪಿತ್ತವಲ್ಲ, ಎತ್ತರದ ಬೇನೆ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಅವರು ಬೇಗ ಹತ್ತುವುದರಿಂದ ಅವರಿಗೇ ಹೆಚ್ಚು ಜಾಗ್ರತೆ ಬೇಕು. ಪೈಲ್ವಾನರ ಮೈಕಟ್ಟಿಗೂ ರಿಯಾಯಿತಿ ಇಲ್ಲ.

ಜೊತೆಗಾರ ಮಂಕಾಗಿದ್ದಾನೆ ಅನ್ನಿಸಿದರೆ ಒಂದು ಪರೀಕ್ಷೆ ಮಾಡಿ. ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಬಾತಿರುವ ಸಂಶಯ. ಸುಮ್ಮನೆ ಕುಳಿತಾಗಲೂ ಏದುಸಿರು, ಎದೆಯಲ್ಲಿ ಗೊರಗೊರ ಇದ್ದರೆ ಪುಪ್ಪುಸದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಎರಡಕ್ಕೂ ಮೊದಲ ಔಷಧ ಆ ಕ್ಷಣವೇ ಕೆಳಗಿಳಿಸುವುದು. ಬೆಳಗಾಗಲಿ ಎಂದು ಕಾಯಬೇಡಿ, ಒಬ್ಬರನ್ನೇ ಕಳಿಸಲೂಬೇಡಿ.

2024ರ ಜೂನ್‌ನಲ್ಲಿ ಇದೇ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋದ ಕರ್ನಾಟಕದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕು ತೀರಿಕೊಂಡರು. ಅವರಲ್ಲಿ ಚಾರಣದ ಅನುಭವ ಇದ್ದವರಿದ್ದರು, ಮಾರ್ಗದರ್ಶಕರೂ ಜೊತೆಗಿದ್ದರು. ಅದು ಬೇಸಿಗೆ. ದೀಪಾವಳಿಯ ಹೊತ್ತಿಗಂತೂ ಕೇದಾರದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ, ಕಣಿವೆಗೆ ನೆರಳು ಅದಕ್ಕೂ ಎಷ್ಟೋ ಮೊದಲೇ ಬೀಳುತ್ತದೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಕೇದಾರದಲ್ಲಿ ಎರಡು ರಾತ್ರಿಯಾದರೂ ಕಳೆಯದೆ ವಾಸುಕಿ ತಾಲ್‌ನ ಹೆಸರೆತ್ತಬೇಡಿ. ಅರಣ್ಯ ಇಲಾಖೆಯ ಅನುಮತಿ, ಹಾದಿ ಬಲ್ಲ ಸ್ಥಳೀಯ ಗೈಡ್ ಇಲ್ಲದೆ ಹೊರಡಬೇಡಿ. ಬೆಳಗಿನ ಐದಕ್ಕೆ ಬಿಡಿ; ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ, ಸರೋವರ ಕಣ್ಣೆದುರಿಗೇ ಇದ್ದರೂ ಸರಿ. ಜೀನ್ಸ್, ಹತ್ತಿ ಬನಿಯನ್ ಬೆವರಿಗೆ ನೆನೆದರೆ ಮೈ ಕೊರೆಯುತ್ತವೆ. ಉಣ್ಣೆ, ಮಳೆಕೋಟು, ಹಿಡಿತವಿರುವ ಬೂಟು ಇರಲಿ. ಬುತ್ತಿಯ ಚಿಂತೆ ನಮಗಿಲ್ಲ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆಗಿಂತ ಒಳ್ಳೆಯ ಗುಡ್ಡದ ಊಟ ಯಾವ ಅಂಗಡಿಯಲ್ಲೂ ಸಿಗದು.

ಯಾತ್ರೆಗೆ ಗುಂಪು ಕಟ್ಟುವ ಭಜನಾ ಮಂಡಳಿಗಳಿಗೆ, ಯುವಕ ಸಂಘಗಳಿಗೆ ಇನ್ನೊಂದು ಮಾತು. ಬಸ್ಸಿಗೆ ಹಣ ಕೂಡಿಸುವ ದಿನವೇ ಪ್ರತಿಯೊಬ್ಬರ ಬಿ.ಪಿ., ಶುಗರ್ ಪರೀಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ. ಉಸಿರಿನ, ಎದೆಯ ತೊಂದರೆ ಇದ್ದವರಿಗೆ ಸರೋವರ ಬೇಡವೆಂದು ಊರಲ್ಲೇ ಹೇಳಿಬಿಡಿ. ಅಲ್ಲಿ ಹೋಗಿ ಹೇಳಿದರೆ ಯಾರೂ ಕೇಳುವುದಿಲ್ಲ. ಮೇಲೆ ಹತ್ತುವವರ ಹೆಸರು, ಅವರು ವಾಪಸಾಗಬೇಕಾದ ಹೊತ್ತು ಬರೆದ ಒಂದು ಚೀಟಿ ಕೇದಾರದಲ್ಲಿ ಇಳಿದುಕೊಂಡ ಜಾಗದಲ್ಲಿರಲಿ, ಇನ್ನೊಂದು ಊರಲ್ಲಿ ಮನೆಯವರ ಹತ್ತಿರ ಇರಲಿ.