ಧ್ಯಾನಕ್ಕೆ ಹೊತ್ತು ಎಲ್ಲಿಂದ ಬರಬೇಕು?



ಧ್ಯಾನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಉತ್ತರ ಕೇಳಿಬರುತ್ತದೆ. ದೇವಾಲಯದ ಅಂಗಳದಲ್ಲಿ, “ಅದು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಸೇರಿದ್ದು. ಹೊಟ್ಟೆಪಾಡಿನ ನಮಗೆ ಜಪಸರ, ರವಿವಾರದ ಪೂಜೆ ಸಾಕು” ಎನ್ನುತ್ತಾರೆ. ಯೂನಿಯನ್ ಕಚೇರಿಯಲ್ಲಿ, “ಕಣ್ಣು ಮುಚ್ಚಿ ಕೂತರೆ ಕೂಲಿ ಹೆಚ್ಚುವುದಿಲ್ಲ. ಅದು ಮಾಲಕರಿಗೆ ಬೇಕಾದ ನಿದ್ದೆ” ಎನ್ನುತ್ತಾರೆ. ಎರಡೂ ಕಡೆ ಓಡಾಡುವ ನನಗೆ ಈ ಎರಡು ಮಾತುಗಳೂ ಸರಿಯೆನಿಸುವುದಿಲ್ಲ. ಧ್ಯಾನ ದುಡಿಯುವವನಿಗೂ ಸೇರಿದ್ದು. ಆದರೆ ಅದಕ್ಕೆ ಬೇಕಾದ ಹೊತ್ತನ್ನು ನಾವು ಹೋರಾಡಿಯೇ ಪಡೆಯಬೇಕು.

ಮೊದಲು, ಧ್ಯಾನವೆಂದರೇನು? ದೇವರು ಈಗ, ಇಲ್ಲಿ, ನನ್ನ ಸಂಗಡ ಇದ್ದಾರೆಂಬ ನೆನಪಿನಲ್ಲಿ ಮನಸ್ಸನ್ನು ನಿಲ್ಲಿಸುವುದು. ಇಷ್ಟೇ. ಫ್ರಾನ್ಸ್ ದೇಶದಲ್ಲಿ ನಿಕೊಲಾ ಹೆರ್ಮನ್ ಎಂಬ ಬಡ ಸಿಪಾಯಿ ಇದ್ದ. ಯುದ್ಧದಲ್ಲಿ ಗಾಯಗೊಂಡ ಮೇಲೆ 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಎಂಬ ಹೆಸರು ಪಡೆದ. ಓದು ಕಡಿಮೆಯಾದ್ದರಿಂದ ಅವನಿಗೆ ಸಿಕ್ಕಿದ್ದು ಅಡಿಗೆಮನೆಯ ಕೆಲಸ, ಮುಂದೆ ಕೆರ ಹೊಲಿಯುವ ಕೆಲಸ. ಪಾತ್ರೆಗಳ ಗದ್ದಲದಲ್ಲಿಯೂ ಪೂಜಾಪೀಠದ ಮುಂದೆ ಇದ್ದಷ್ಟೇ ದೇವರ ಸನ್ನಿಧಿಯಲ್ಲಿರಲು ಅವನು ವರುಷಗಟ್ಟಲೆ ಅಭ್ಯಾಸ ಮಾಡಿದ. 1691ರಲ್ಲಿ ತೀರಿಕೊಂಡ ಮೇಲೆ ಅವನ ಮಾತು ಮತ್ತು ಪತ್ರಗಳು ಪುಸ್ತಕವಾಗಿ ಲೋಕವೆಲ್ಲ ಹಬ್ಬಿದವು.

ಅಷ್ಟು ದೂರ ಹೋಗುವುದೇಕೆ? ನಮ್ಮ ನಾಂದಣಿಯ ಸುತ್ತಮುತ್ತಲೂ ಇದು ಹೊಸ ವಿಷಯವಲ್ಲ. ಇಲ್ಲಿಯ ಜೈನ ಮಠ ಈ ಸೀಮೆಗೆಲ್ಲ ಹೆಸರಾದದ್ದು. ಹೊಲದಲ್ಲಿ ದುಡಿಯುವ ಜೈನ ಗೃಹಸ್ಥರೂ ಸಾಮಾಯಿಕಕ್ಕೆ ಕೂತರೆ 48 ನಿಮಿಷ ಸಮಚಿತ್ತದಲ್ಲಿ ಕೂಡುತ್ತಾರೆ. ಬಸವಣ್ಣನವರ ಶರಣರು ಕಾಯಕವನ್ನೇ ಪೂಜೆಯಾಗಿ ಕಂಡರು. ಪಂಢರಪುರದ ದಾರಿ ಹಿಡಿದ ವಾರಕರಿಗಳಿಗೆ ತೋಟದ ಸಾವತಾ ಮಾಳಿ, ಕುಂಬಾರರ ಗೋರೋಬಾ ಮನೆಯವರಿದ್ದಂತೆ. ನಮ್ಮ ಪ್ರಭುವಾದರೂ ಯಾರು? ಸುಮಾರು ಮೂವತ್ತು ವರುಷದವರೆಗೆ ನಜರೇತಿನಲ್ಲಿದ್ದ ಬಡಗಿ. ಬೋಧಿಸಿದ ವರುಷಗಳಿಗಿಂತ ಉಳಿ ಹಿಡಿದ ವರುಷಗಳೇ ಹೆಚ್ಚು. ಆ ವರುಷಗಳಲ್ಲಿ ಅವರು ತಂದೆಯಿಂದ ದೂರವಿದ್ದರೆಂದು ಯಾರು ಹೇಳಿಯಾರು?

ಹಾಗಾದರೆ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಧ್ಯಾನ ಹೇಗೆ? ಒಂದು ಎಚ್ಚರಿಕೆ ಮೊದಲು. ಗೋರೋಬಾ ಅವರು ನಾಮದಲ್ಲಿ ಮೈಮರೆತು ಮಣ್ಣು ತುಳಿಯುವಾಗ ಸ್ವಂತ ಕೂಸೇ ಕಾಲಡಿ ಸಿಕ್ಕಿತೆಂದೂ, ವಿಠ್ಠಲನ ಕೃಪೆಯಿಂದ ಮತ್ತೆ ಬದುಕಿತೆಂದೂ ವಾರಕರಿಗಳು ಹೇಳುತ್ತಾರೆ. ಭಕ್ತಿಯ ಕಥೆಯಾಗಿ ಅದು ದೊಡ್ಡದು. ಆದರೆ ಪಟ್ಟೆಯ ಹತ್ತಿರ ಮೈಮರೆತವನ ಬೆರಳು ಮರಳಿ ಬರುವುದಿಲ್ಲ. ನಾಲ್ಕೋ ಆರೋ ಮಗ್ಗ ನೋಡಿಕೊಳ್ಳುವವನು ಕಣ್ಣು ಮುಚ್ಚಿ ಪ್ರಾರ್ಥಿಸಬಾರದು. ಅವನ ಧ್ಯಾನ ಕಣ್ಣು ತೆರೆದ ಧ್ಯಾನ.

ಎಳೆ ಕಡಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೀರಿ. ಆ ಒಂದು ಗಂಟಿಗೆ ಒಂದು ಸಲ ಯೇಸುವಿನ ನಾಮ ಹೇಳಿರಿ. ಪೂರ್ವದೇಶದ ಕ್ರೈಸ್ತ ಸನ್ಯಾಸಿಗಳು ಶತಮಾನಗಳಿಂದ ಹೀಗೆಯೇ ಉಸಿರಿನ ಜೊತೆ ನಾಮ ಜಪಿಸುತ್ತ ಬಂದಿದ್ದಾರೆ. ಕಂಡಿಕೆ ಸುತ್ತುವ ಅಕ್ಕತಂಗಿಯರಿಗೂ ಇದು ಸಾಧ್ಯ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಸಾಧ್ಯ. ಪಾಳಿಗೆ ನಡೆದು ಹೋಗುವ ದಾರಿಯಲ್ಲಿ ಸುಮ್ಮನೆ ಕಿವಿಗೊಟ್ಟು ನಡೆಯಿರಿ. ಮುಂಬಯಿಯಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಆಂತೋನಿ ಡಿ ಮೆಲ್ಲೊ 1978ರಲ್ಲಿ ಪ್ರಕಟವಾದ ‘ಸಾಧನಾ’ ಪುಸ್ತಕದಲ್ಲಿ, ಸುತ್ತಲಿನ ಸದ್ದಿನೊಡನೆ ಜಗಳವಾಡದೆ ಅದನ್ನು ಕೇಳುತ್ತಲೇ ಪ್ರಾರ್ಥನೆಗೆ ಇಳಿಯುವ ಅಭ್ಯಾಸ ಕಲಿಸಿದ್ದಾರೆ. (ಅವರ ಕೆಲವು ವಿಚಾರಗಳ ಬಗ್ಗೆ ರೋಮಿನಿಂದ 1998ರಲ್ಲಿ ಎಚ್ಚರಿಕೆ ಬಂದದ್ದು ನಿಜ. ಸದ್ದು ಕೇಳುವ ಈ ಸರಳ ಅಭ್ಯಾಸಕ್ಕೆ ಅದರಿಂದ ಅಡ್ಡಿಯಿಲ್ಲ.) ರಾತ್ರಿ ಮಲಗುವ ಮುನ್ನ ಐದು ನಿಮಿಷ ಸಂತ ಇಗ್ನಾಸಿಯವರು ಕಲಿಸಿದ ಆತ್ಮಶೋಧನೆ ಮಾಡಿರಿ. ಇಂದು ದೇವರು ಏನು ಕೊಟ್ಟರು? ನಾನು ಎಲ್ಲಿ ಜಾರಿದೆ? ನಾಳೆ ಏನು ಮಾಡಲಿ? ಮೂರೇ ಪ್ರಶ್ನೆ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಯೂನಿಯನ್ ಗೆಳೆಯರ ಆಕ್ಷೇಪಣೆ ನಿಜವಾಗುತ್ತದೆ. ಬ್ರದರ್ ಲಾರೆನ್ಸ್‌ಗೆ ಮಠದಲ್ಲಿ ಊಟ, ಹಾಸಿಗೆ, ಮುಪ್ಪಿಗೆ ಆಸರೆ ಇತ್ತು. ನಮ್ಮ ನೇಕಾರನಿಗೆ ಕೂಲಿ ಮೀಟರಿನ ಲೆಕ್ಕದಲ್ಲಿ. ಮಗ್ಗ ನಿಂತರೆ ಪಗಾರವೂ ನಿಲ್ಲುತ್ತದೆ. ಹಳೆಯ ಮಗ್ಗದ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ಮೀರುತ್ತದೆ. ಎಂಟು ಗಂಟೆಯ ಕೆಲಸಕ್ಕೆ ನಿಯಮ ಹಾಕಿದ ಮೇಲ್ಮಿತಿಯೇ ಅದು. ಆ ಸದ್ದನ್ನು ಪ್ರಾರ್ಥನೆಯಾಗಿ ಸಹಿಸಿಕೊಳ್ಳಿರಿ ಎಂದು ಉಪದೇಶಿಸಿದರೆ ಕಿವುಡಿಗೆ ಭಕ್ತಿಯ ಹೆಸರು ಕೊಟ್ಟಂತೆ. ಕಿವಿಗೆ ರಕ್ಷಣೆ ಕೇಳಿ ಪಡೆಯಬೇಕು. ಅದು ಹಕ್ಕು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ನಿಂತಲ್ಲೇ ತೂಕಡಿಸುವವನಿಗೆ ಒಂದು ಗಂಟೆ ಧ್ಯಾನ ಮಾಡೆನ್ನುವುದು, ಹೊರಲಾರದ ಹೊರೆಯನ್ನು ಜನರ ಹೆಗಲ ಮೇಲಿಟ್ಟು ತಾವು ಬೆರಳೂ ತಾಗಿಸದ ಶಾಸ್ತ್ರಿಗಳ ಕೆಲಸ. ಪ್ರಭು ಯೇಸು ಅಂಥವರನ್ನು ಗದರಿಸಿದ್ದು ಮತ್ತಾಯನ ಶುಭಸಂದೇಶದಲ್ಲಿದೆ.

ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಫಾದರ್ ಅಮಲೋರ್‌ಪವದಾಸ್ ಅವರು 1979ರಲ್ಲಿ ಸ್ಥಾಪಿಸಿದ ಅಂಜಲಿ ಆಶ್ರಮದಂಥ ಒಳ್ಳೆಯ ಜಾಗಗಳು ನಮ್ಮ ನಾಡಿನಲ್ಲಿವೆ. ಅಲ್ಲಿಯ ಬಾಗಿಲು ತೆರೆದೇ ಇದೆ. ಆದರೆ ನಾಲ್ಕು ದಿನ ಮಗ್ಗ ಬಿಟ್ಟು ಹೋಗಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ದೇವರು ಇದನ್ನು ಬಲ್ಲರು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ತೆಗೆದು ನೋಡಿರಿ. ಸಬ್ಬತ್ತಿನ ಆಜ್ಞೆಗೆ ಅಲ್ಲಿ ಕೊಟ್ಟ ಕಾರಣವೇ ಬಿಡುಗಡೆ. ಐಗುಪ್ತದಲ್ಲಿ ಗುಲಾಮರಾಗಿದ್ದುದನ್ನು ಮರೆಯದೆ, ನಿಮ್ಮ ಆಳುಮಕ್ಕಳಿಗೂ ನಿಮ್ಮಂತೆಯೇ ವಿಶ್ರಾಂತಿ ಕೊಡಬೇಕೆಂಬುದು ಅದರ ತಾತ್ಪರ್ಯ. ಮಹಾರಾಷ್ಟ್ರದಲ್ಲಿ ಈ ಆಜ್ಞೆಯನ್ನು ಗಿರಣಿಯ ಬಾಗಿಲಿಗೆ ಒಯ್ದವರು ಯಾರು? ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. 1890ರಲ್ಲಿ ರವಿವಾರದ ಸೂಟಿಯನ್ನು ಗೆದ್ದು ತಂದರು. ನಾವಿಂದು ರವಿವಾರ ಪೂಜೆಗೆ ಹೋಗಿ ಕೂಡುತ್ತೇವಲ್ಲ, ಆ ಹೊತ್ತಿನಲ್ಲಿ ಸತ್ಯಶೋಧಕ ಸಮಾಜದ ಒಬ್ಬ ಕಾರ್ಮಿಕ ಮುಖಂಡರ ಬೆವರೂ ಇದೆ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕೆಲಸ ವಾರಕ್ಕೆ 48 ಗಂಟೆ ಎಂದು 1948ರ ಕಾರ್ಖಾನೆ ಕಾಯಿದೆ ಮಿತಿ ಹಾಕಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿಯೂ ಮಿತಿ ಅಷ್ಟೇ. ಮೀರಿದರೆ ಇಮ್ಮಡಿ ಕೂಲಿ ಕೊಡಬೇಕು. ದಿನಕ್ಕೆ 12 ಗಂಟೆಯಂತೆ ಆರು ದಿನ ದುಡಿದರೆ 72 ಗಂಟೆ. ಹೆಚ್ಚಾದದ್ದು 24 ಗಂಟೆ, ಅಂದರೆ ಸರಿಯಾಗಿ ಒಂದು ಹಗಲು ಒಂದು ರಾತ್ರಿ. ವಾರವಾರವೂ ನಮ್ಮಿಂದ ಒಂದು ಪೂರ್ಣ ಸಬ್ಬತ್ತು ಕಳುವಾಗುತ್ತಿದೆ. ಆದ್ದರಿಂದ ಎಂಟು ಗಂಟೆಯ ಪಾಳಿ ಕೇಳುವುದು, ಎಂಟು ಗಂಟೆಯಲ್ಲಿ ಹೊಟ್ಟೆ ತುಂಬುವಷ್ಟು ದರ ಕೇಳುವುದು ಪ್ರಾರ್ಥನೆಗೆ ಹೊರತಾದ ಕೆಲಸವಲ್ಲ. 2013ರಲ್ಲಿ ಇಚಲಕರಂಜಿಯ ಮಗ್ಗದವರು ಕೂಲಿಗಾಗಿ ವಾರಗಟ್ಟಲೆ ಮುಷ್ಕರ ಹೂಡಿದಾಗ ಕೇಳಿದ್ದರಲ್ಲಿ ಇದೂ ಅಡಗಿತ್ತೆಂದು ನನ್ನ ಅಭಿಪ್ರಾಯ.

ಯೂನಿಯನ್ನಿನ ಬಂಧುಗಳಿಗೂ ಒಂದು ಮಾತು. ಹೋರಾಟಕ್ಕೂ ಮೌನ ಬೇಕು. ಹನ್ನೆರಡು ಮಂದಿ ಪ್ರೇಷಿತರನ್ನು ಆರಿಸುವ ಮುನ್ನ ಪ್ರಭು ಇಡೀ ರಾತ್ರಿ ಬೆಟ್ಟದ ಮೇಲೆ ಪ್ರಾರ್ಥಿಸಿದರು. ನಮ್ಮ ಸಭೆಗಳಲ್ಲಿ ಸಿಟ್ಟಿಗೆ ಬರವಿಲ್ಲ, ತಾಳ್ಮೆಗೆ ಬರವಿದೆ. ಇಬ್ಬರು ಮುಖಂಡರ ಸ್ವಪ್ರತಿಷ್ಠೆಯಿಂದ ಒಡೆದ ಸಂಘವನ್ನು ಮಾಲಕರು ಒಡೆಯಬೇಕಾಗಿಲ್ಲ. ದಿನವೂ ಐದು ನಿಮಿಷ ತನ್ನ ಮನಸ್ಸನ್ನು ತಾನು ನೋಡಿಕೊಳ್ಳುವವನು ನ್ಯಾಯಕ್ಕಾಗಿ ಬಂದ ಸಿಟ್ಟು ಯಾವುದು, ಹೊಟ್ಟೆಕಿಚ್ಚಿನ ಸಿಟ್ಟು ಯಾವುದು ಎಂದು ಬೇರ್ಪಡಿಸಬಲ್ಲ.

ಆದ್ದರಿಂದ ಮೂರು ಸಲಹೆಗಳು. ಒಂದು, ನಮ್ಮ ಧರ್ಮಕೇಂದ್ರಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಹೊಂದಿಸಿ ವಾರಕ್ಕೊಮ್ಮೆ ಹದಿನೈದು ನಿಮಿಷ ಮೌನಪ್ರಾರ್ಥನೆ ಇಡಲಿ. ಪ್ರವಚನ ಬೇಡ, ಪೇಟಿ ಬೇಡ. ಎರಡು, ಸಂಘದ ಸಭೆ ಎರಡು ನಿಮಿಷದ ಮೌನದಿಂದ ಆರಂಭವಾಗಲಿ. ಹಿಂದೂ, ಮುಸಲ್ಮಾನ, ಜೈನ, ಕ್ರೈಸ್ತ ಎಲ್ಲರೂ ಅವರವರ ರೀತಿಯಲ್ಲಿ ಮನಸ್ಸು ನಿಲ್ಲಿಸಲಿ. ಮೂರು, ನಮ್ಮ ಬೇಡಿಕೆಯ ಪಟ್ಟಿಯಲ್ಲಿ ವಾರದ ಸೂಟಿಯನ್ನು ಕೊನೆಯ ಸಾಲಿನಿಂದ ಎತ್ತಿ ಕೂಲಿದರದ ಪಕ್ಕಕ್ಕೇ ಬರೆಯೋಣ.

ಹಾಸು ಒಂದೇ ಇದ್ದರೆ ಬಟ್ಟೆಯಾಗದು, ಹೊಕ್ಕು ಒಂದೇ ಇದ್ದರೂ ಆಗದು. ಪ್ರಾರ್ಥನೆ ಮತ್ತು ಹೋರಾಟ ಎರಡನ್ನೂ ಕೂಡಿಸಿ ನೇಯುವ ಕೈಗಳನ್ನು ಪ್ರಭು ಹರಸಲಿ.